ಟಿವಿ ಸೌಂಡ್ ಜಾಸ್ತಿ ಮಾಡುವ ಮೊದಲು ಕಿವಿ ತೋರಿಸಿ

ನಮ್ಮ ಮನೆಯಲ್ಲಿ ಜಗಳ ಶುರುವಾಗಿದ್ದು ಟಿವಿಯಿಂದ. ಯಜಮಾನರಿಗೆ 72. ಸಂಜೆ ಅವರು ವಾರ್ತೆ ಹಾಕಿದರೆ ಕುವೆಂಪುನಗರದ ನಮ್ಮ ಬೀದಿಗೆಲ್ಲ ವಾರ್ತೆ. ನಾನು ಸೌಂಡ್ ಕಡಿಮೆ ಮಾಡುವುದು, ಅವರು ಜಾಸ್ತಿ ಮಾಡುವುದು. ಕೇಳಿದರೆ, "ನಂಗೇನೂ ಕಿವುಡಾಗಿಲ್ಲ, ನೀವೆಲ್ಲ ಬಾಯೊಳಗೇ ಮಾತಾಡ್ತೀರಿ" ಅನ್ನುವುದು. ಎರಡು ವರ್ಷ ಇದೇ ರಾಮಾಯಣ ನಡೆಯಿತು. ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿಗೆ ಹಾಕುವ ಮೆಷಿನ್ (ಹಿಯರಿಂಗ್ ಏಡ್) ತಂದೆವು, ಅದನ್ನು ಡ್ರಾಯರ್‌ಗೆ ಹಾಕದೆ ಕಿವಿಗೇ ಹಾಕಿಕೊಳ್ಳುವ ಹಾಗೂ ಮಾಡಿದೆವು. ಈ ಮೂರನೆಯದೇ ನಿಜವಾದ ಕೆಲಸ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಸುದ್ದಿ ವಿಷಯ. "ಕಿವಿ ಮೆಷಿನ್ ಹಾಕಿಕೊಂಡರೆ ಮರೆವಿನ ಕಾಯಿಲೆ ಬರುವುದಿಲ್ಲ" ಅಂತ ನಿಮಗೂ ವಾಟ್ಸ್ಯಾಪ್‌ನಲ್ಲಿ ಬಂದಿರಬಹುದು. ಅದರಲ್ಲಿ ಅರ್ಧ ನಿಜ ಇದೆ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಷಿಯಾಗೆ, ಅಂದರೆ ಈ ಮರೆವಿನ ಕಾಯಿಲೆಗೆ ಸಂಬಂಧಿಸಿದ, ನಾವು ಸರಿಮಾಡಿಕೊಳ್ಳಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ನಿಭಾಯಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದಕ್ಕೆ ಹಾಕಬಹುದು ಎಂಬುದು ಅವರ ಲೆಕ್ಕ. ಆ ಪಟ್ಟಿಯಲ್ಲಿ ಬಿಪಿ, ಶುಗರ್, ಸಿಗರೇಟು ಎಲ್ಲ ಇವೆ. ಆದರೆ ಅತಿ ದೊಡ್ಡ ಪಾಲು ಎರಡಕ್ಕೆ, ಕೆಟ್ಟ ಕೊಲೆಸ್ಟ್ರಾಲ್ ಮತ್ತು ಕಿವಿ ಮಂದವಾಗುವುದು.

ಹಾಗಂತ ಮೆಷಿನ್ ಮಾತ್ರೆಯಲ್ಲ. 2023ರಲ್ಲಿ ಅಮೆರಿಕದಲ್ಲಿ ಅಚೀವ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ನೋಡಿದರು. ಎಲ್ಲರನ್ನೂ ಒಟ್ಟಿಗೆ ಸೇರಿಸಿ ನೋಡಿದರೆ ಮೆಷಿನ್ ಹಾಕಿಕೊಂಡವರಿಗೂ ಹಾಕಿಕೊಳ್ಳದವರಿಗೂ ನೆನಪಿನ ವಿಷಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅವರಲ್ಲೇ ವಯಸ್ಸು ಇನ್ನೂ ಜಾಸ್ತಿಯಾಗಿದ್ದ, ಹೃದಯ ಬಿಪಿ ಇಂಥ ತೊಂದರೆಗಳ ಅಪಾಯ ಹೆಚ್ಚಿದ್ದ ಒಂದು ಗುಂಪಿನಲ್ಲಿ ಮೆದುಳಿನ ಚುರುಕು ಇಳಿಯುವ ವೇಗ ಶೇ 48ರಷ್ಟು ಕಡಿಮೆಯಾಯಿತು. ಹೆಡ್‌ಲೈನ್‌ಗೆ ಹತ್ತುವುದು ಆ 48 ಮಾತ್ರ. ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯ. ಅದೇ ವರ್ಷ ಬ್ರಿಟನ್ನಿನ ಮಾಹಿತಿ ಇಟ್ಟುಕೊಂಡು ಬರೆದ ಒಂದು ದೊಡ್ಡ ಲೇಖನ, ಮೆಷಿನ್ ಹಾಕಿಕೊಳ್ಳದವರಿಗೆ ಡಿಮೆನ್ಷಿಯಾ ಜಾಸ್ತಿ ಅಂತ ಹೇಳಿತ್ತು. ಡಿಸೆಂಬರ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಕಂಪ್ಯೂಟರ್ ಲೆಕ್ಕದಲ್ಲಿ ಹಾಕಿಕೊಂಡವರ ಗುಂಪು, ಹಾಕಿಕೊಳ್ಳದವರ ಗುಂಪು ಅದಲು ಬದಲಾಗಿತ್ತಂತೆ! ವಾಪಸ್ ತೆಗೆದುಕೊಂಡ ಸುದ್ದಿಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ, ಹೇಳಿ.

ಹಾಗಾಗಿ ನಾನು ಯಜಮಾನರಿಗೆ ಮರೆವಿನ ಭಯ ಹುಟ್ಟಿಸಲಿಲ್ಲ. "ಮೊಮ್ಮಗಳು ಫೋನ್‌ನಲ್ಲಿ ಏನು ಹೇಳ್ತಾಳೆ ಅಂತ ನಿಮಗೆ ಗೊತ್ತಾಗಲ್ಲ, ಸುಮ್ನೆ ಹೂಂ ಹೂಂ ಅಂತೀರಿ" ಅಂದೆ. ಅದು ತಾಗಿತು.

ಕಿವಿ ಹೋಗುತ್ತಿದೆ ಅಂತ ತಿಳಿಯುವುದು ಹೇಗೆ

ವಯಸ್ಸಿಗೆ ಬರುವ ಕಿವುಡಿನ ಗುಟ್ಟು ಏನೆಂದರೆ, ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಅಆಇಈ ಎಲ್ಲ ದಪ್ಪ ಸದ್ದು, ಚೆನ್ನಾಗಿ ಕೇಳಿಸುತ್ತವೆ. ಕ, ತ, ಪ, ಸ, ಶ ಇವೆಲ್ಲ ತೆಳು ಸದ್ದು, ಇವು ಜಾರಿ ಹೋಗುತ್ತವೆ. "ಎಷ್ಟು ಕಾಸು" ಅಂದರೆ "ಎಷ್ಟು ತಾಸು" ಅಂತ ಕೇಳಿಸುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪಿನವಳು ಕಾಸು ಕೇಳಿದರೆ ಇವರು ವಾಚ್ ನೋಡಿಕೊಂಡಿದ್ದರು, ನಾನು ಪಕ್ಕದಲ್ಲೇ ಇದ್ದೆ. ಹೆಂಗಸರ, ಮಕ್ಕಳ ದನಿ ಗಂಡಸರ ದನಿಗಿಂತ ಕಷ್ಟವಾಗುವುದೂ ಇದಕ್ಕೇ. ಹೆಂಡತಿ ಮಾತು ಬೇಕಂತಲೇ ಕೇಳಿಸಿಕೊಳ್ಳುವುದಿಲ್ಲ ಅಂತ ನಾನು ಬೈದ ವರ್ಷಗಳಲ್ಲಿ ಸ್ವಲ್ಪ ಭಾಗ ಅನ್ಯಾಯವೇ ಇರಬೇಕು. ಪೂರ್ತಿ ಅಲ್ಲ.

ಬೇರೆ ಗುರುತುಗಳು ನಿಮಗೇ ಗೊತ್ತು. ಎದುರಿಗಿದ್ದಾಗ ಸರಿ, ಅಡುಗೆಮನೆಯಿಂದ ಕೂಗಿದರೆ ಇಲ್ಲ. ಇಬ್ಬರೇ ಇದ್ದಾಗ ಸರಿ, ಮದುವೆ ಛತ್ರದಲ್ಲಿ ಇಲ್ಲ. ಕೊನೆಗೆ ಛತ್ರಕ್ಕೆ ಹೋಗುವುದನ್ನೇ ಬಿಡುತ್ತಾರೆ. ಅಲ್ಲಿಗೆ ಬರುವ ಮೊದಲೇ ತೋರಿಸಿ.

ಒಂದು ಎಚ್ಚರಿಕೆ. ಒಂದು ಕಿವಿ ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದಲ್ಲಿ ಕೇಳಿಸದಾದರೆ ಅದು ವಯಸ್ಸಿನದ್ದಲ್ಲ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಓಡಿ. ಅದಕ್ಕೆ ಸ್ಟಿರಾಯ್ಡ್ ಚಿಕಿತ್ಸೆ ಇದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು, ವಾರಗಟ್ಟಲೆ ಕಾದರೆ ಕಿವಿ ವಾಪಸ್ ಬರುವ ಅವಕಾಶ ಕಡಿಮೆಯಾಗುತ್ತದೆ. ಒಂದೇ ಕಿವಿ ಮಂದವಾಗುತ್ತಿದ್ದರೆ, ಒಂದೇ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ, ಕಿವಿ ಸೋರುತ್ತಿದ್ದರೆ, ತಲೆಸುತ್ತು ಜೊತೆಗಿದ್ದರೆ ಇಲ್ಲೂ ಡಾಕ್ಟರು ಮೊದಲು, ಮೆಷಿನ್ ಆಮೇಲೆ.

ಇನ್ನು ಗುಗ್ಗೆ. ಬರೀ ಗುಗ್ಗೆ ಕಟ್ಟಿಕೊಂಡು ಕಿವಿ ಮಂದವಾದವರು ಎಷ್ಟೋ ಜನ. ಅದನ್ನು ತೆಗೆಸಿದರೆ ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ನೀವೇ ತೆಗೆಯಬೇಡಿ. ಹೇರ್‌ಪಿನ್, ಬೆಂಕಿಕಡ್ಡಿ, ಬಡ್ಸ್ ಯಾವುದೂ ಬೇಡ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವ ಅಜ್ಜಿ ಮದ್ದು ನಮ್ಮ ಮನೆಯಲ್ಲೂ ಇತ್ತು. ಕಿವಿಯ ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ಒಳಗಿಳಿದು ಸೋರುವುದಕ್ಕೆ ಶುರುವಾಗುತ್ತದೆ, ಬಿಸಿ ಜಾಸ್ತಿಯಾದರೆ ಸುಡುತ್ತದೆ.

ಎಲ್ಲಿಗೆ ಹೋಗಬೇಕು

ಮೈಸೂರು, ಮಂಡ್ಯದವರಿಗೆ ಈ ವಿಷಯದಲ್ಲಿ ಪುಣ್ಯ ಇದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟೊದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಅಂದರೆ ಸಾಕು. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಬೇರೆ ಬೇರೆ ರಾಜ್ಯದಿಂದ ಜನ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾರೆ. ನಾವು ನೋಡಿದರೆ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗಿ, "ಏನಂದ್ರಿ? ಏನಂದ್ರಿ?" ಅಂತ ಕಿರುಚಿಕೊಂಡು ಮನೆಗೆ ವಾಪಸ್ ಬರುತ್ತೇವೆ, ಅಷ್ಟು ಪಕ್ಕದಲ್ಲಿರುವ ಜಾಗಕ್ಕೆ ಒಂದು ದಿನವೂ ಕಾಲಿಡದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲೂ ತೋರಿಸಬಹುದು.

ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಬಿಡುವು ಇಟ್ಟುಕೊಂಡು ಹೋಗಿ, ತಿಂಡಿ ತಿಂದು ಹೋಗಿ. ಆಧಾರ್, ಹಳೆ ರಿಪೋರ್ಟು, ನುಂಗುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಪಟ್ಟಿ ಯಾಕೆ ಅಂದರೆ ಜೆಂಟಾಮೈಸಿನ್, ಅಮಿಕಾಸಿನ್ ಥರದ ಇಂಜೆಕ್ಷನ್, ಜಾಸ್ತಿ ಪ್ರಮಾಣದ ಆಸ್ಪಿರಿನ್ ಇವೆಲ್ಲ ಕಿವಿಗೆ ತೊಂದರೆ ಕೊಡಬಲ್ಲವು. ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಅಷ್ಟೆ. ಮನೆಯವರೊಬ್ಬರು ಜೊತೆಗೆ ಹೋಗಲೇಬೇಕು. ಯಜಮಾನರು "ತೊಂದರೆ ಏನೂ ಇಲ್ಲ" ಅಂದಾಗ ನಾನು ಟಿವಿ ಕಥೆ ಹೇಳಬೇಕಾಯಿತು.

ಪರೀಕ್ಷೆಯಲ್ಲಿ ನೋವಿಲ್ಲ. ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತಾರೆ. ಕುಂಯ್ ಅಂತ ಸಣ್ಣ ಸದ್ದು ಬರುತ್ತದೆ. ಎಷ್ಟೇ ಸಣ್ಣಗೆ ಕೇಳಿಸಿದರೂ ಗುಂಡಿ ಒತ್ತಬೇಕು ಅಥವಾ ಕೈ ಎತ್ತಬೇಕು. ಜೋರಾಗಿ ಬರಲಿ ಅಂತ ಕಾಯಬೇಡಿ. ಆಮೇಲೆ ಕಿವಿ ಹಿಂದಿನ ಮೂಳೆಗೆ ಒಂದು ಸಾಧನ ಇಟ್ಟು ಇದನ್ನೇ ಮಾಡುತ್ತಾರೆ, ತೊಂದರೆ ಹೊರಗಿವಿ ನಡುಗಿವಿಯದೋ ಒಳಗಿವಿಯದೋ ಅಂತ ಅದರಿಂದ ಗೊತ್ತಾಗುತ್ತದೆ. ಮಾತುಗಳನ್ನು ಹೇಳಿ, ವಾಪಸ್ ಹೇಳಿ ಅನ್ನುತ್ತಾರೆ. ಇದು ಕನ್ನಡದಲ್ಲೇ ಆಗಲಿ ಅಂತ ಕೇಳಿ.

ಕೊನೆಗೆ ಒಂದು ಚಾರ್ಟ್ ಕೊಡುತ್ತಾರೆ, ಆಡಿಯೋಗ್ರಾಂ. ಇದನ್ನು ಓದುವುದು ಕಲಿಯಿರಿ, ಐದು ನಿಮಿಷದ ಕೆಲಸ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರದ ಗುರುತು ಎಡಗಿವಿ. ಎಡದಿಂದ ಬಲಕ್ಕೆ ಹೋದ ಹಾಗೆ ಸ್ವರ ದಪ್ಪದಿಂದ ತೀಕ್ಷ್ಣಕ್ಕೆ ಹೋಗುತ್ತದೆ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಜ್‌ವರೆಗೆ. ಗೆರೆ ಕೆಳಗೆ ಇಳಿದಷ್ಟೂ ಕಿವಿ ಮಂದ. 25 ಡೆಸಿಬಲ್ (ಸದ್ದಿನ ಅಳತೆ) ಒಳಗಿದ್ದರೆ ಸರಿ, 26ರಿಂದ 40 ಅಲ್ಪ, 41ರಿಂದ 55 ಮಧ್ಯಮ, ಅದರ ಮೇಲೆ ಜಾಸ್ತಿ. ಯಜಮಾನರ ಗೆರೆ ಎಡಗಡೆ ಚೆನ್ನಾಗಿಯೇ ಹೋಗಿ, ಬಲಗಡೆ ಚಾಮುಂಡಿ ಬೆಟ್ಟ ಇಳಿದ ಹಾಗೆ ಇಳಿದಿತ್ತು. ಆ ಚಿತ್ರ ನೋಡಿದ ಮೇಲೆ "ಬಾಯೊಳಗೇ ಮಾತಾಡ್ತೀರಿ" ಅನ್ನುವ ಮಾತು ನಿಂತಿತು. ಚಾರ್ಟಿನ ಫೋಟೊ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ.

ಮೆಷಿನ್ ಕೊಳ್ಳುವಾಗ

ಇಲ್ಲಿ ನಾವು ಒಮ್ಮೆ ಮೋಸ ಹೋಗಿದ್ದೇವೆ. ಪರೀಕ್ಷೆಗೂ ಮೊದಲು ಮಗ ಆನ್‌ಲೈನ್‌ನಲ್ಲಿ ಒಂದು ಅಗ್ಗದ ಮೆಷಿನ್ ತರಿಸಿದ್ದ. ಅದು ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುವ ಪೆಟ್ಟಿಗೆ. ಮಾತಿಗಿಂತ ಪಾತ್ರೆ ಸದ್ದೇ ಜೋರು. ಎರಡೇ ದಿನಕ್ಕೆ ತಲೆನೋವು ಬಂತು, ಅದು ಡ್ರಾಯರ್ ಸೇರಿತು, ಜೊತೆಗೆ "ಮೆಷಿನ್ ಎಲ್ಲ ಇಷ್ಟೇ" ಅನ್ನುವ ತೀರ್ಮಾನವೂ ಸೇರಿತು. ದುಡ್ಡಿಗಿಂತ ಅದೇ ದೊಡ್ಡ ನಷ್ಟ, ಒಂದು ವರ್ಷ ಹಾಳಾಯಿತು. ಸರಿಯಾದ ಡಿಜಿಟಲ್ ಮೆಷಿನ್ ಅನ್ನು ಕಂಪ್ಯೂಟರ್‌ಗೆ ಸೇರಿಸಿ ನಿಮ್ಮ ಚಾರ್ಟಿಗೆ ತಕ್ಕ ಹಾಗೆ ಹೊಂದಿಸುತ್ತಾರೆ. ಎಲ್ಲಿ ಗೆರೆ ಇಳಿದಿದೆಯೋ ಅಲ್ಲಿ ಮಾತ್ರ ಎತ್ತಿಕೊಡುತ್ತಾರೆ. ಚಾರ್ಟ್ ಕೇಳದೆ ಮೆಷಿನ್ ಕೊಡುವ ಅಂಗಡಿಯಿಂದ ಎದ್ದು ಬನ್ನಿ.

ಯಾವ ಆಕಾರ? ಕಿವಿಯೊಳಗೆ ಕಾಣದ ಹಾಗೆ ಕೂರುವುದು ಚೆಂದ, ಆದರೆ ಕಡಲೆಕಾಳಿನಷ್ಟಿರುತ್ತದೆ. ಬೆರಳು ನಡುಗುವವರಿಗೆ, ಕಣ್ಣು ಮಂಜಾದವರಿಗೆ ಅದು ಶಿಕ್ಷೆ. ಕಿವಿ ಹಿಂದೆ ಕೂರುವುದೇ ವಾಸಿ. ಚಾರ್ಜ್ ಮಾಡುವಂಥದ್ದಾದರೆ ರಾತ್ರಿ ಡಬ್ಬಿಯಲ್ಲಿಟ್ಟರೆ ಮುಗಿಯಿತು. ಸೆಲ್ ಹಾಕುವಂಥದ್ದಾದರೆ ಸೆಲ್ಲಿನ ಬಣ್ಣ ನೆನಪಿಟ್ಟುಕೊಳ್ಳಿ. ಸೈಜ್ ನಂಬರ್ 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಯಾವ ದೇಶದ ಸೆಲ್ಲಾದರೂ ಇದೇ ಬಣ್ಣ.

ಮಾರುವವರು ಚಾನೆಲ್ ಲೆಕ್ಕ (ಮೆಷಿನ್ ಸದ್ದನ್ನು ಎಷ್ಟು ಭಾಗ ಮಾಡಿ ಹೊಂದಿಸುತ್ತದೆ ಅನ್ನುವುದು) ಹೇಳಿ ಮೇಲಿನ ಮಾಡೆಲ್‌ಗೆ ತಳ್ಳುತ್ತಾರೆ. ಮನೆಯಲ್ಲಿ, ವಾಕಿಂಗ್‌ನಲ್ಲಿ, ದೇವಸ್ಥಾನದಲ್ಲಿ ಮಾತಾಡುವವರಿಗೆ ನಡುವಿನ ಮಾಡೆಲ್ ಸಾಕಾಗುತ್ತದೆ ಅನ್ನುವುದು ನನ್ನ ಅನುಭವ. ಅದರ ಬದಲು ಈ ಪ್ರಶ್ನೆ ಕೇಳಿ: ಕೊಳ್ಳುವ ಮೊದಲು ಹಾಕಿ ನೋಡಲು ಬಿಡುತ್ತೀರಾ? ಮತ್ತೆ ಮತ್ತೆ ಬಂದು ಸೆಟ್ಟಿಂಗ್ ಬದಲಿಸಿದರೆ ದುಡ್ಡು ತೆಗೆದುಕೊಳ್ಳುತ್ತೀರಾ? ರಿಪೇರಿ ಎಲ್ಲಿ, ಎಷ್ಟು ದಿನ? ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದಾರಾ ನೋಡಿ. ಎರಡೂ ಕಿವಿ ಮಂದವಾಗಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಹಾಕಿ ಅನ್ನುತ್ತಾರೆ. ಅದು ವ್ಯಾಪಾರದ ಮಾತಲ್ಲ, ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗಲು ಎರಡು ಕಿವಿ ಬೇಕು. ನಮ್ಮ ಬೀದಿಯಲ್ಲಿ ಹಿಂದಿನಿಂದ ಬರುವ ಸ್ಕೂಟರ್ ನೆನೆಸಿಕೊಳ್ಳಿ.

ದುಡ್ಡು ಕಷ್ಟವಾದರೆ ಸರ್ಕಾರದ ದಾರಿಗಳಿವೆ. ಬಿಪಿಎಲ್ ಕುಟುಂಬದ 60 ದಾಟಿದವರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಅದರಲ್ಲಿ ಕೋಲು, ಗಾಲಿಕುರ್ಚಿ, ಹಲ್ಲಿನ ಸೆಟ್ಟು, ಹಿಯರಿಂಗ್ ಏಡ್ ಎಲ್ಲ ಬರುತ್ತವೆ, ಶಿಬಿರ ಮಾಡಿ ಕೊಡುತ್ತಾರೆ. ಕಿವುಡು ಜಾಸ್ತಿ ಇದ್ದರೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ ಇದೆ, ಅದಕ್ಕೆ ಅಂಗವಿಕಲತೆಯ ಸರ್ಟಿಫಿಕೇಟ್ ಬೇಕು. 2016ರ ಕಾನೂನಿನ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬಲ್‌ನಿಂದ ಮೇಲಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಶಿಬಿರ ಯಾವಾಗ, ಎಲ್ಲಿ ಅಂತ ಜಿಲ್ಲೆಯ ಹಿರಿಯ ನಾಗರಿಕರ ಇಲಾಖೆಯಲ್ಲಿ ವಿಚಾರಿಸಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಿ.

ಮಕ್ಕಳು ಅಮೆರಿಕದಲ್ಲಿದ್ದರೆ "ಅಪ್ಪಾ, ಏರ್‌ಪಾಡ್ಸ್ ಕಳಿಸ್ತೀನಿ, ಅದೇ ಹಿಯರಿಂಗ್ ಏಡ್" ಅನ್ನಬಹುದು. ಏರ್‌ಪಾಡ್ಸ್ ಅಂದರೆ ಆಪಲ್ ಕಂಪನಿಯ ವೈರಿಲ್ಲದ ಇಯರ್‌ಫೋನ್. ಅವರು ಹೇಳುವುದು ಸುಳ್ಳಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಏರ್‌ಪಾಡ್ಸ್ ಪ್ರೋ 2ರ ಹಿಯರಿಂಗ್ ಏಡ್ ಸಾಫ್ಟ್‌ವೇರ್‌ಗೆ ಅನುಮತಿ ಕೊಟ್ಟಿತು. ಆದರೆ ಅದು ಅಲ್ಪದಿಂದ ಮಧ್ಯಮ ಮಟ್ಟದವರಿಗೆ ಮಾತ್ರ, ಐಫೋನ್ ಅಥವಾ ಐಪ್ಯಾಡ್ ಜೊತೆಗಿರಬೇಕು, ಒಂದು ಚಾರ್ಜಿಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಬರುವುದೂ ಇಲ್ಲ. ಅಡ್ಡಿಯಿಲ್ಲ, ಆದರೆ ಪರೀಕ್ಷೆ ಮಾಡಿಸಿದ ಮೇಲೆ.

ಒಗ್ಗಿಕೊಳ್ಳುವ ಆರು ವಾರ

ಮೆಷಿನ್ ಹಾಕಿಕೊಂಡು ಮನೆಗೆ ಬಂದ ಮೊದಲ ದಿನ ಯಜಮಾನರು ಹೇಳಿದ್ದು, "ಇದೇನು, ನನ್ನ ದನಿಯೇ ಡಬ್ಬದೊಳಗಿಂದ ಬಂದ ಹಾಗಿದೆ." ಎರಡನೆಯದು, "ಪೇಪರ್ ಮಡಚಿದರೆ ಪಟಾಕಿ ಹೊಡೆದ ಹಾಗೆ." ಆಮೇಲೆ ಫ್ಯಾನು, ನಲ್ಲಿ, ಒಗ್ಗರಣೆ, ಕುಕ್ಕರು, ನನ್ನ ಬಳೆ. ವರ್ಷಗಟ್ಟಲೆ ಕೇಳದ ಸದ್ದೆಲ್ಲ ಒಂದೇ ದಿನ ವಾಪಸ್ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಯಾವುದು ಬೇಕು ಯಾವುದು ಬೇಡ ಅಂತ ಬೇರ್ಪಡಿಸುವುದು ಮೆದುಳಿನ ಕೆಲಸ, ಅದಕ್ಕೆ ಆ ಅಭ್ಯಾಸ ತಪ್ಪಿಹೋಗಿರುತ್ತದೆ. ಜನ ಬಿಟ್ಟುಬಿಡುವುದು ಈ ವಾರದಲ್ಲೇ.

ನಾವು ಮಾಡಿದ್ದು ಹೀಗೆ. ಮೊದಲ ಮೂರು ದಿನ ಮನೆಯಲ್ಲೇ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಟಿವಿ ಇಲ್ಲ, ನಾವಿಬ್ಬರೇ ಎದುರು ಬದುರು ಕಾಫಿ. ಆಮೇಲೆ ದಿನಾ ಒಂದು ಗಂಟೆ ಹೆಚ್ಚು. ನಾನು ಪೇಪರ್ ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಇದನ್ನು ಯಾರೋ ಹೇಳಿಕೊಟ್ಟಿದ್ದಲ್ಲ, ಸುಮ್ನೆ ಶುರುವಾಗಿ ಉಳಿದುಕೊಂಡಿತು, ತುಂಬಾ ಉಪಯೋಗವಾಯಿತು. ಎರಡನೇ ವಾರ ಟಿವಿ, ನನಗೆ ಸರಿ ಅನ್ನಿಸುವ ಸೌಂಡ್‌ನಲ್ಲಿ. ಮೂರನೇ ವಾರ ಬೆಳಗಿನ ವಾಕಿಂಗ್, ಗಾಳಿ ಜೋರಿದ್ದರೆ ಬುಸ್ ಅನ್ನುತ್ತದೆ, ಹೆದರಬೇಡಿ. ಛತ್ರ, ಮಾರುಕಟ್ಟೆ ಎಲ್ಲ ಕೊನೆಗೆ. ನಮ್ಮದು ದಸರೆಗೆ ಎರಡು ವಾರ ಮೊದಲು ಬಂದಿತ್ತು. ಜಂಬೂ ಸವಾರಿ ದಿನ ಹಾಕಿಕೊಂಡು ಹೊರಟಿದ್ದರು, ನಾನೇ ಬೇಡ ಅಂದೆ.

ಒಂದು ಸಣ್ಣ ನೋಟ್‌ಬುಕ್ ಇಡಿ. ಯಾವ ಸದ್ದು ಚುಚ್ಚಿತು, ಯಾರ ಮಾತು ತಿಳಿಯಲಿಲ್ಲ, ಎಲ್ಲಿ ಅಂತ ಬರೆಯಿರಿ. "ಸರಿ ಇಲ್ಲ" ಅಂತ ಹೋದರೆ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷಿಸಿ ಮೆಷಿನ್ ಹೊಂದಿಸುವವರು, ಏನು ಮಾಡುತ್ತಾರೆ? "ಸ್ಟೀಲ್ ಲೋಟ ಇಟ್ಟರೆ ಚುಚ್ಚುತ್ತದೆ, ಸೊಸೆ ಮಾತು ಮಾತ್ರ ತಿಳಿಯುವುದಿಲ್ಲ" ಅಂದರೆ ಅವರಿಗೆ ಎಲ್ಲಿ ಬದಲಿಸಬೇಕು ಅಂತ ತಕ್ಷಣ ಗೊತ್ತಾಗುತ್ತದೆ. ನಾವು ಮೂರು ಸಲ ಹೋಗಿ ಬದಲಿಸಿಕೊಂಡೆವು. ಮೂರನೇ ಸಲದ ನಂತರವೇ ಯಜಮಾನರು ನಾನು ಹೇಳದೆ ತಾವಾಗಿ ಹಾಕಿಕೊಳ್ಳಲು ಶುರುಮಾಡಿದ್ದು.

ಕುಯ್ಯೋ ಅಂತ ಸಿಳ್ಳೆ ಹೊಡೆದರೆ ಮೆಷಿನ್ ಕೆಟ್ಟಿಲ್ಲ. ಕಿವಿಗೆ ಸರಿಯಾಗಿ ಕೂತಿಲ್ಲ ಅಥವಾ ಗುಗ್ಗೆ ಇದೆ. ಮೆಷಿನ್‌ನ, ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿದ್ದರೆ ಹೊಸದು ಮಾಡಿಸಬೇಕು.

ಮನೆಯವರಿಗೂ ಕೆಲಸ ಇದೆ. ಕೂಗಬೇಡಿ, ಕೂಗಿದರೆ ಸದ್ದು ಒಡೆಯುತ್ತದೆ. ಮೊದಲು ಹೆಸರು ಹಿಡಿದು ಕರೆಯಿರಿ, ತಿರುಗಿದ ಮೇಲೆ ಮಾತಾಡಿ. ಮುಖಕ್ಕೆ ಬೆಳಕು ಬೀಳುವ ಹಾಗೆ ನಿಲ್ಲಿ. ಒಮ್ಮೆ ತಿಳಿಯದಿದ್ದರೆ ಅದನ್ನೇ ಹತ್ತು ಸಲ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. "ಬಿಡಿ, ಏನಿಲ್ಲ" ಅಂತ ಮಾತ್ರ ಅನ್ನಬೇಡಿ. ಇದರಷ್ಟು ನೋಯಿಸುವ ಮಾತು ಬೇರೆ ಇಲ್ಲ ಅಂತ ಯಜಮಾನರು ಆಮೇಲೆ ಹೇಳಿದರು.

ಸ್ನಾನಕ್ಕೆ, ನಿದ್ದೆಗೆ ತೆಗೆದಿಡಿ. ಒಣ ಬಟ್ಟೆಯಲ್ಲಿ ಒರೆಸಿ, ನೀರು ಸ್ಪಿರಿಟ್ ಬೇಡ. ಸೆಲ್ಲಿನದಾದರೆ ರಾತ್ರಿ ಮೆಷಿನ್‌ನ ಸೆಲ್ ಕೂರುವ ಪುಟ್ಟ ಬಾಗಿಲು ತೆರೆದಿಡಿ. ಹೊಸ ಸೆಲ್ಲಿನ ಸ್ಟಿಕ್ಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಬಿಟ್ಟು ಹಾಕಿ, ಅದು ಗಾಳಿಯಿಂದ ಕೆಲಸ ಮಾಡುವ ಸೆಲ್. ಮಳೆಗಾಲದಲ್ಲಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಸೆಲ್ ಮಕ್ಕಳ ಕೈಗೆ ಸಿಗದಿರಲಿ. ಯಾರಾದರೂ ನುಂಗಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮೆಷಿನ್ ಇದ್ದರೂ ಬ್ಯಾಂಕು, ಆಸ್ಪತ್ರೆ ಕೌಂಟರಿನ ಗಾಜಿನ ಹಿಂದಿನ ಮಾತು ಕಷ್ಟವೇ. ಅದಕ್ಕೆ ಆಂಡ್ರಾಯ್ಡ್ ಫೋನ್‌ನಲ್ಲಿ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿಕೊಳ್ಳಿ, ಭಾಷೆ ಕನ್ನಡ ಇಡಿ. ಎದುರಿನವರು ಮಾತಾಡಿದ್ದು ಅಕ್ಷರವಾಗಿ ಬರುತ್ತದೆ. ನಮ್ಮ ಕಡೆಯ ಮಾತಿಗೆ ಅದು ಆಗಾಗ ತಬ್ಬಿಬ್ಬಾಗುತ್ತದೆ, ಗಲಾಟೆಯಲ್ಲಿ ಇನ್ನೂ ಜಾಸ್ತಿ, ಆದರೂ ಟೋಕನ್ ನಂಬರ್ ತಪ್ಪುವುದಿಲ್ಲ.

ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಿ, ಗೆರೆ ಇಳಿದಿದ್ದರೆ ಮೆಷಿನ್ ಸೆಟ್ಟಿಂಗ್ ಬದಲಾಗಬೇಕು. ಹೋದ ಸಲ ಅವರನ್ನು ಕರೆದುಕೊಂಡು ಹೋದಾಗ, ಹೇಗೂ ಬಂದಿದ್ದೇನಲ್ಲ ಅಂತ ನಾನೂ ಹೆಡ್‌ಫೋನ್ ಹಾಕಿಕೊಂಡು ಕೂತೆ. ಬಲಗಿವಿ 30, ಎಡಗಿವಿ 35. ಯಜಮಾನರು ಚಾರ್ಟ್ ನೋಡಿ ಏನೋ ಅಂದರು. ನನಗೆ ಸರಿಯಾಗಿ ಕೇಳಿಸಲಿಲ್ಲ.